ವಾಸು ಮಾವನಿಗೆ ಸಮನ್ಸ್ ಜಾರಿಯಾದದ್ದು

ದುಬೈಯ ಕರಾಮದಲ್ಲಿ ನಾವು ಬಾಡಿಗೆಗಿದ್ದ ಫ್ಲ್ಯಾಟಿನ ಬಾಗಿಲಿನ ಹೊರಮೈಯಲ್ಲಿ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಟೇಪು ಕಿತ್ತ ಗುರುತುಗಳಿದ್ದವು. ನಮಗಿಂತ ಮುಂಚೆ ಅಲ್ಲಿದ್ದವನಿಗೆ ಕೋರ್ಟಿನಿಂದ ಬಂದ ಕಾಗದವನ್ನು ಅಲ್ಲಿ ಅಂಟಿಸಿದ್ದರಂತೆ. ಕಾಗದ ಬರುವ ಮೊದಲೇ ಆತ ಊರು ಬಿಟ್ಟಿದ್ದ. ಆಮೇಲೆ ಕಾಗದವೂ ಹೋಯಿತು, ಅಂಟು ಮಾತ್ರ ಉಳಿಯಿತು. ನಾನು ತೆಂಗಿನೆಣ್ಣೆ ಹಚ್ಚಿ ನೋಡಿದೆ, ಲಿಂಬೆಹಣ್ಣು ತಿಕ್ಕಿ ನೋಡಿದೆ, ಕೊನೆಗೆ ಉಗುರಿನ ಬಣ್ಣ ತೆಗೆಯುವ ದ್ರಾವಣ ತಂದು ಉಜ್ಜಿದೆ. ಬಾಗಿಲಿನ ಪಾಲಿಶ್ ಎದ್ದುಬಂತು, ಗುರುತು ಮೊದಲಿಗಿಂತ ಚೆನ್ನಾಗಿ ಕಾಣತೊಡಗಿತು. ಕಟ್ಟಡದ ಕಾವಲುಗಾರ, ಅಲ್ಲಿನ ಮಾತಿನಲ್ಲಿ ನಾತೂರ್, ನನ್ನ ಅವಸ್ಥೆ ನೋಡಿ "ಖಲಾಸ್ ಮೇಡಂ, ಛೋಡ್ ದೋ" ಎಂದ. ಮಗಳು ಶಾಲೆಯ ಚೀಲ ಇಳಿಸುತ್ತ "ಇಟ್ಸ್ ಜಸ್ಟ್ ಟೇಪ್, ಅಮ್ಮಾ" ಎಂದಳು.

ಅವಳಿಗೆ ಅದು ಬರೀ ಟೇಪು. ನನಗೋ, ಮನೆಗೆ ಬಂದವರೆಲ್ಲ ಕರೆಗಂಟೆ ಒತ್ತುವ ಮೊದಲು ಆ ಗುರುತನ್ನೇ ನೋಡುತ್ತಾರೆ ಎಂಬ ಗುಮಾನಿ. "ಇದು ನಮ್ಮದಲ್ಲ, ಹಿಂದಿನವರದ್ದು" ಎಂದು ಬಾಗಿಲು ತೆರೆಯುತ್ತಲೇ ಹೇಳತೊಡಗಿದೆ. ಅಲ್ಲಿಯವರೆಗೆ ಅದನ್ನು ಗಮನಿಸದಿದ್ದವರೂ ಆಮೇಲೆ ಬಗ್ಗಿ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಗಾದೆಯನ್ನು ನನ್ನ ಯಜಮಾನರು ಆ ದಿನಗಳಲ್ಲಿ ಆಗಾಗ ನೆನಪಿಸುತ್ತಿದ್ದರು.

ನಾನು ಹಾಗೆ ಹೆಗಲು ಮುಟ್ಟಿಕೊಳ್ಳಲು ಕಾರಣವಿತ್ತು. ಆಗ ನಾನು ಕಾನೂನಿನ ಕಾಗದಗಳನ್ನು ಅನುವಾದ ಮಾಡಿಕೊಡುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಅನುವಾದ ನನ್ನದಲ್ಲ, ಕಾಗದ ತೆಗೆದುಕೊಳ್ಳುವುದು, ಮೊಹರು ಬಿದ್ದಿದೆಯೇ ಎಂದು ನೋಡುವುದು, ಗಾಬರಿಯಿಂದ ಬಂದವರಿಗೆ ಕುರ್ಚಿ ತೋರಿಸಿ ನೀರು ಕೊಡುವುದು ನನ್ನ ಪಾಲಿನ ಕೆಲಸ. ಅರಬ್ಬಿಯ ಒಂದಕ್ಷರ ಬಾರದಿದ್ದರೂ ಕೋರ್ಟಿನ ಕಾಗದ ಯಾವುದು, ಬ್ಯಾಂಕಿನದು ಯಾವುದು ಎಂದು ದೂರದಿಂದಲೇ ಹೇಳುವಷ್ಟು ಪಳಗಿದ್ದೆ. ಅಲ್ಲಿ ಕೂತು ಕೂತು ಸಮನ್ಸ್ ಜಾರಿ ಮಾಡುವ ಕ್ರಮ ನನಗೆ ಬಾಯಿಪಾಠವಾಗಿತ್ತು. ಅದನ್ನು ಸಂಬಂಧಪಟ್ಟವನ ಕೈಗೇ ಕೊಡಬೇಕು. ಅವನಿಲ್ಲದಿದ್ದರೆ ಜೊತೆಯಲ್ಲಿ ವಾಸವಿರುವ ದೊಡ್ಡವರ ಕೈಗೆ ಕೊಡಬಹುದು. ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ಬಾಗಿಲು ಬಡಿಯುವಂತಿಲ್ಲ. ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸಬೇಕು. ಅದರಿಂದಲೂ ಆಗದಿದ್ದರೆ ಪೇಪರಿನಲ್ಲಿ ಹಾಕಿಸಬೇಕು. ಪರದೇಶದವನಾದರೆ ಅರಬ್ಬಿ ಪೇಪರಿನ ಜೊತೆ ಇಂಗ್ಲಿಷಿನದರಲ್ಲೂ. ಆ ಜಾಹೀರಾತುಗಳಲ್ಲಿ ನಮ್ಮ ಕರಾವಳಿಯ ಹೆಸರೇನಾದರೂ ಕಂಡರೆ ನಾನು ಊಟ ಬಿಟ್ಟು ಓದುತ್ತಿದ್ದೆ.

ಇಷ್ಟೆಲ್ಲ ಕ್ರಮಗಳಿದ್ದರೂ ಆ ದೇಶದಲ್ಲಿ ಒಂದು ತೊಡಕು. ಅಂಚೆಯವನು ಮನೆಗೆ ಬರುವುದಿಲ್ಲ. ಎಲ್ಲರಿಗೂ ಅಂಚೆಪೆಟ್ಟಿಗೆಯ ಒಂದು ನಂಬರು, ಅದೂ ಹೆಚ್ಚಾಗಿ ಕೆಲಸ ಮಾಡುವ ಕಂಪನಿಯದ್ದು. ಮನೆ ಎಲ್ಲಿ ಎಂದರೆ ಒಬ್ಬೊಬ್ಬರದೂ ಒಂದು ಕಥೆ. ನನ್ನ ಸೋದರಮಾವ ವಾಸು ಮಾವ ಅಬುಧಾಬಿಯಲ್ಲಿದ್ದರು. ಅವರ ವಿಳಾಸವೆಂದರೆ "ಎಲೆಕ್ಟ್ರಾ ಸ್ಟ್ರೀಟು, ಮೊಬೈಲ್ ಅಂಗಡಿಗಳ ಸಾಲು ದಾಟಿದ ಮೇಲೆ ಕೆಳಗೆ ಅತ್ತರಿನ ಅಂಗಡಿ ಇರುವ ಕಟ್ಟಡ". ಹುಡುಕಿಕೊಂಡು ಹೋಗುವವರಿಗೆ ಇಷ್ಟು ಸಾಕು. ಕೋರ್ಟಿಗೆ ಸಾಲದು.

ಅಮೀನನ ಕಾಲದಲ್ಲಿ ಈ ತೊಡಕಿರಲಿಲ್ಲ. ನಮ್ಮ ಅಜ್ಜನಿಗೆ ಬ್ರಹ್ಮಾವರದ ಹತ್ತಿರ ಹೆದ್ದಾರಿ ಬದಿಯಲ್ಲಿ ಗೋಲಿ ಸೋಡಾದ ಅಂಗಡಿಯಿತ್ತು. ಉಡುಪಿಯ ಕೋರ್ಟಿನಿಂದ ಸಮನ್ಸ್ ತರುವ ಅಮೀನ ಬಸ್ಸಿಳಿದು ಮೊದಲು ಬರುವುದೇ ಅಲ್ಲಿಗೆ. ಅಜ್ಜ ಕೇಳದೆಯೇ ಒಂದು ಸೋಡಾ ಒಡೆದು ಕೊಡುತ್ತಿದ್ದರು. ಅವನು ಅದನ್ನು ಕುಡಿದು, ಬಾಯಿ ಒರೆಸಿಕೊಂಡು, ತೇಗಿ, ಕೊಡೆ ಎತ್ತಿಕೊಳ್ಳುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಹೋಗಬೇಕಾದ ಮನೆಗೆ ಹೋಗಿರುತ್ತಿತ್ತು. ಆ ಮನೆಯ ಗಂಡಸು ಎಲ್ಲಿ ಎಂದು ಕೇಳಿದರೆ "ಘಟ್ಟಕ್ಕೆ ಹೋಗಿದ್ದಾರೆ" ಎನ್ನುವುದು ಸಿದ್ಧ ಉತ್ತರ. ಅಮೀನ ಬಂದಾಗ ಗಂಡಸರು ಹೋಗಿ ಕೂರುವ ಜಾಗಕ್ಕೇ ಘಟ್ಟ ಎಂದು ಹೆಸರು ಎಂದು ನಾನು ಬಹುಕಾಲ ನಂಬಿದ್ದೆ. ಒಮ್ಮೆ ನೆರೆಮನೆಯ ಶೀನಣ್ಣ ಹಾಗೆ ಘಟ್ಟಕ್ಕೆ ಹೋಗಿ ಬಚ್ಚಲುಮನೆಯ ಅಟ್ಟದಲ್ಲಿ ಕೂತಿದ್ದರು. ಕೆಳಗೆ ನೀರೊಲೆಗೆ ಹಸಿ ಸೌದೆ ಹಾಕಿದ್ದರು. ಹೊಗೆ ಮೇಲಕ್ಕೆ ಹೋಯಿತು. ಅಮೀನ ಜಗಲಿಯಲ್ಲಿ ಕೂತು ಆ ಕೆಮ್ಮನ್ನು ಸ್ವಲ್ಪ ಹೊತ್ತು ಕೇಳಿ, "ಅಮ್ಮಾ, ಘಟ್ಟದಲ್ಲಿ ಥಂಡಿ ಜೋರುಂಟು ಕಾಣ್ತದೆ. ಅವರಿಗೆ ಒಂದು ಕಷಾಯ ಮಾಡಿ ಕೊಡಿ" ಎಂದು ಹೇಳಿ ಕಾಗದವನ್ನು ಬಾಗಿಲಿಗೆ ಅಂಟಿಸಿ ಹೋದನಂತೆ.

ಇದೇ ಶೀನಣ್ಣ ಮದುವೆಯ ಕಾಲದಲ್ಲಿ ಬೇರೆಯೇ ಮನುಷ್ಯ. ನಮ್ಮ ಕಡೆ ಮದುವೆಗೆ ಕರೆಯುವುದಕ್ಕೆ 'ಹೇಳಿಕೆ' ಎನ್ನುತ್ತಾರೆ. ಕಾಗದ ಅಚ್ಚು ಹಾಕಿಸಿ ಹಂಚಿದರೆ ಹೇಳಿಕೆಯಾಗುವುದಿಲ್ಲ. ಮನೆಗೆ ಬರಬೇಕು, ಒಳಗೆ ಕೂರಬೇಕು, ಯಜಮಾನನ ಕೈಗೆ ಅಕ್ಷತೆ ಕೊಟ್ಟು ಬಾಯಿಬಿಟ್ಟು ಹೇಳಬೇಕು. ಯಜಮಾನ ಇಲ್ಲದಿದ್ದರೆ ಮನೆಯ ದೊಡ್ಡ ಹೆಂಗಸಿಗೆ ಹೇಳಬಹುದು. ಮಕ್ಕಳ ಕೈಯಲ್ಲಿ ಕೊಟ್ಟರೆ ಲೆಕ್ಕಕ್ಕಿಲ್ಲ. ಬೀಗ ಹಾಕಿದ್ದರೆ ಬಾಗಿಲ ಸಂದಿಗೆ ಕಾಗದ ಸಿಕ್ಕಿಸಿ, ಇನ್ನೊಂದು ದಿನ ಮತ್ತೆ ಬರಬೇಕು. ಶೀನಣ್ಣ ಒಂದು ಮದುವೆಗೆ ಹೋಗದೆ ಮನೆಯಲ್ಲೇ ಗಂಜಿ ಉಂಡರು. ಯಾಕೆಂದರೆ ಹೇಳಿಕೆಗೆ ಬಂದವರು ಮೆಟ್ಟಿಲ ಮೇಲೆ ನಿಂತೇ ಹೇಳಿ ಹೋಗಿದ್ದರು. "ಜಗಲಿಗೆ ಹತ್ತಲಿಲ್ಲ ಮಾರಾಯ್ರೆ, ನಾನೆಂತ ಭಿಕ್ಷುಕನಾ?" ಎಂದು ಅಜ್ಜನ ಅಂಗಡಿಯ ಬೆಂಚಿನ ಮೇಲೆ ಕೂತು ವಾರಗಟ್ಟಲೆ ಕೇಳಿದರು. ಕೋರ್ಟು ಕರೆಯಲು ಬಂದರೆ ಅಟ್ಟ ಹತ್ತುವ ಜನ, ಮದುವೆಗೆ ಕರೆಯಲು ಬಂದವರು ಜಗಲಿ ಹತ್ತಲಿಲ್ಲ ಎಂದು ಮುನಿಯುತ್ತಿದ್ದರು.

ಸಮನ್ಸಿನ ಕ್ರಮವೂ ಹೇಳಿಕೆಯ ಕ್ರಮವೂ ಹೆಚ್ಚುಕಡಿಮೆ ಒಂದೇ ಎಂಬುದು ನನಗೆ ಹೊಳೆದದ್ದು ದುಬೈಯಲ್ಲಿ, ವಾಸು ಮಾವನ ದೆಸೆಯಿಂದ.

ಮಾವನದು ಸಿಟ್ಟಿನ ಸ್ವಭಾವವಲ್ಲ, ಬೇಸರದ ಸ್ವಭಾವ. ಸಿಟ್ಟಾದರೆ ಇಳಿಯುತ್ತದೆ, ಬೇಸರ ಹಾಗಲ್ಲ. ಮೀಸೆ ಚಿಗುರುವ ಕಾಲಕ್ಕೇ ಅಬುಧಾಬಿಗೆ ಹೋಗಿ ಒಂದು ಕಟ್ಟಡ ಸಾಮಗ್ರಿಯ ಕಂಪನಿಯಲ್ಲಿ ಸ್ಟೋರ್‌ಕೀಪರ್ ಆದವರು. ಅತ್ತೆ, ಮಕ್ಕಳು ಮಣಿಪಾಲದಲ್ಲಿ. ಮಾವ ಮಾತ್ರ ಎಲೆಕ್ಟ್ರಾ ಸ್ಟ್ರೀಟಿನ ಆ ಫ್ಲ್ಯಾಟಿನಲ್ಲಿ, ಭಟ್ಕಳದ ಇಲಿಯಾಸ್ ಸಾಹೇಬರ ಜೊತೆ. ಕೆಳಗಿನ ಅತ್ತರಿನ ಅಂಗಡಿ ಇಲಿಯಾಸ್ ಸಾಹೇಬರದ್ದೇ. ಊರಿನ ಮನೆಯವರ ಜೊತೆ ಫೋನಿನಲ್ಲಿ ನವಾಯತಿ, ಗಿರಾಕಿಯ ಜೊತೆ ಅರಬ್ಬಿ, ಮಾವನ ಜೊತೆ ಕನ್ನಡ, ಹೀಗೆ ಅವರ ನಾಲಿಗೆಗೆ ಬಿಡುವಿರಲಿಲ್ಲ.

ಮಾವ, ನನ್ನ ಅಮ್ಮ, ಸುಮತಿ ಚಿಕ್ಕಮ್ಮ, ಈ ಮೂವರು ಅಜ್ಜನ ಮಕ್ಕಳು. ಚಿಕ್ಕಮ್ಮ ಮದುವೆಯಾಗಲಿಲ್ಲ. ಅಜ್ಜ ಹೋದ ಮೇಲೆ ಸೋಡಾದ ಅಂಗಡಿಯಲ್ಲಿ ಹೊಲಿಗೆ ಕ್ಲಾಸು ಶುರುಮಾಡಿದರು. ಸುತ್ತಲಿನ ಹುಡುಗಿಯರೆಲ್ಲ ರವಿಕೆ ಹೊಲಿಯಲು ಕಲಿತದ್ದು ಅಲ್ಲಿಯೇ. ಆ ಕಟ್ಟಡದ ಮಾಡಿಗೆ, ಅಂದರೆ ಛಾವಣಿಗೆ, ಗೆದ್ದಲು ಹಿಡಿಯಿತು. ಒಂದು ದಿನ ಪಕ್ಕಾಸಿನ ಮರವೊಂದು ಮುರಿದು ಹೊಲಿಗೆ ಯಂತ್ರದ ಮೇಲೆಯೇ ಬಿತ್ತು. ಕೆಡವಿ ಕಟ್ಟೋಣವೆಂದರೆ ಜಾಗ ಇನ್ನೂ ಅಜ್ಜನ ಹೆಸರಿನಲ್ಲಿ. ಪಂಚಾಯಿತಿಯವರು ಪರವಾನಿಗೆ ಕೊಡಲಿಲ್ಲ. ಹುಡುಗಿಯರನ್ನು ಮನೆಯವರು ಕಳಿಸಲು ಹೆದರಿದರು. ಚಿಕ್ಕಮ್ಮನಿಗೆ ಇದ್ದದ್ದು ಆ ಕ್ಲಾಸೊಂದೇ.

ವಕೀಲರು ದಾರಿ ಹೇಳಿದರು. ಚಿಕ್ಕಮ್ಮ ಪಾಲು ಕೇಳಿ ದಾವೆ ಹಾಕುವುದು, ಅಣ್ಣ ಅಕ್ಕ ಬಂದು ಒಪ್ಪಿಗೆ ಎನ್ನುವುದು, ಕೋರ್ಟು ರಾಜಿ ಬರೆದು ಮೊಹರು ಒತ್ತುವುದು. ಮುಂದೆ ಮಕ್ಕಳು ಮರಿಮಕ್ಕಳು ತಕರಾರು ತೆಗೆಯುವಂತಿಲ್ಲ. ಜಗಳವೇ ಇಲ್ಲದ ದಾವೆ. ನಮ್ಮ ಕಡೆ ಇದು ಹೊಸತಲ್ಲ.

ತಪ್ಪಿದ್ದು ಒಂದೇ ಕಡೆ. ಚಿಕ್ಕಮ್ಮ ದಾವೆಯ ಕಾಗದದ ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಎಲ್ಲರಿಗೂ ಒಟ್ಟಿಗೆ ಗೊತ್ತಾಗಲಿ ಎಂಬುದು ಅವರ ಲೆಕ್ಕ. ಅದು ಹೋಗಿ ಬಿದ್ದದ್ದು ಯಾರದೋ ಹುಟ್ಟುಹಬ್ಬದ ಕೇಕಿಗೂ ಇನ್ಯಾರದೋ ಶುಭೋದಯದ ಗುಲಾಬಿಗೂ ನಡುವೆ. ಕೆಲವರು ಕೈ ಮುಗಿದರು. ಒಬ್ಬರು ಅದನ್ನೂ ಹುಟ್ಟುಹಬ್ಬಕ್ಕೆ ಸೇರಿದ್ದೆಂದು "ನೂರು ಕಾಲ ಬಾಳಿ" ಎಂದು ಹರಸಿದರು. ನಾನು ಹೆಬ್ಬೆರಳು ಎತ್ತಿದೆ. ಸಂಜೆಗೆ ನೀಲಿ ಗೆರೆಗಳು ಬಂದವು, ಎಲ್ಲರೂ ಓದಿದರು ಎಂದು ಚಿಕ್ಕಮ್ಮ ಸಂತೋಷಪಟ್ಟರು. ಅದರ ಕೆಳಗೇ ಬೂದು ಬಣ್ಣದಲ್ಲಿ ಒಂದು ಸಾಲು ಕಾಣಿಸಿತು: ವಾಸು ಮಾವ ಗುಂಪು ಬಿಟ್ಟಿದ್ದರು.

ಒಂದು ಶುಕ್ರವಾರ ನಾನು ಬಸ್ಸು ಹತ್ತಿ ಅಬುಧಾಬಿಗೆ ಹೋದೆ. ವಕೀಲರು ಕಳಿಸಿದ ವಕಾಲತ್ತಿನ ಕಾಗದ ಕೈಯಲ್ಲಿತ್ತು. ಮಾವ ಒಂದು ಸಹಿ ಹಾಕಿ, ರಾಯಭಾರ ಕಚೇರಿಯಲ್ಲಿ ಮೊಹರು ಒತ್ತಿಸಿದರೆ ಅವರ ಪರವಾಗಿ ವಕೀಲರೊಬ್ಬರು ನಿಲ್ಲುತ್ತಾರೆ, ಸಮನ್ಸಿನ ಗೊಡವೆಯೇ ಇಲ್ಲ. ಇದನ್ನೆಲ್ಲ ನಾನು ಕಚೇರಿಯಲ್ಲಿ ಹೇಳುವ ಧಾಟಿಯಲ್ಲೇ ವಿವರಿಸಿದೆ. ಮಾವ ಪೂರ್ತಿ ಕೇಳಿದರು.

"ಆಯ್ತು. ಈ ಕಾಗದದಲ್ಲಿ ನಾನು ಯಾರು ಅಂತ ಬರ್ದಿದ್ದಾರೆ, ಓದು."

"ಎರಡನೇ ಪ್ರತಿವಾದಿ."

"ಅಲ್ವಾ? ಹಾಗಾದ್ರೆ ಕ್ರಮದಲ್ಲಿ ಕರೀಲಿ. ಕೋರ್ಟಿಗೊಂದು ಕ್ರಮ ಉಂಟಲ್ಲ?"

"ಮಾವ, ಚಿಕ್ಕಮ್ಮನ ಮಾಡು ಬೀಳ್ತಾ ಉಂಟು."

"ಮಾಡು ಬೇಡ ಅಂತ ನಾನು ಹೇಳಿದ್ನಾ? ಇಡೀ ಜಾಗ ಅವಳೇ ಇಟ್ಕೊಳ್ಳಲಿ, ನಂಗೆ ಒಂದು ಮುಷ್ಟಿ ಮಣ್ಣು ಬೇಡ. ಆದ್ರೆ ಕರೆಯದ ಕಡೆಗೆ ಹೋಗುವ ಜನ ಅಲ್ಲ ನಾನು."

ಇಲಿಯಾಸ್ ಸಾಹೇಬರು ಬಾಗಿಲ ಬಳಿ ನನ್ನನ್ನು ಬೀಳ್ಕೊಡುತ್ತ ದನಿ ತಗ್ಗಿಸಿ ಹೇಳಿದರು. "ಅವ ರಾತ್ರಿಯೆಲ್ಲ ಆ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದ್ದಾನೆ ಮಗಳೇ. ತಂಗಿ ಒಂದು ಫೋನ್ ಮಾಡಿ 'ಅಣ್ಣಾ' ಅಂದಿದ್ರೆ ಆಗ್ತಿತ್ತು. ಈಗ ಫೋನಿಗೂ ಬಗ್ಗುದಿಲ್ಲ."

ಬಗ್ಗಲಿಲ್ಲ. ಚಿಕ್ಕಮ್ಮನ ಕರೆಗಳನ್ನು ಅವರು ಎತ್ತಲೇ ಇಲ್ಲ.

ಅಮ್ಮನಿಗೆ ಊರಿನಲ್ಲಿ ಸಮನ್ಸ್ ಸಲೀಸಾಗಿ ಜಾರಿಯಾಯಿತು. ಈಗಿನ ಅಮೀನ ಮೋಟರ್‌ಸೈಕಲಿನಲ್ಲಿ ಬಂದು, ಅಮ್ಮ ಮಾಡಿಕೊಟ್ಟ ಚಹಾ ಕುಡಿದು, ಸಹಿ ಹಾಕಿಸಿಕೊಂಡು ಹೋದ. ಮಾವನ ಸಮನ್ಸ್ ಮಾತ್ರ ದಿಲ್ಲಿಗೆ ಹೋಗಿ, ಅರಬ್ಬಿ ಅನುವಾದ ಸಮೇತ ಅಬುಧಾಬಿಗೆ ಬರಬೇಕಾಗಿತ್ತು. ಅದು ಎಲ್ಲೆಲ್ಲಿ ತಂಗಿತೋ, ಯಾವ ಮೇಜಿನ ಮೇಲೆ ಮಲಗಿತೋ. ಅಷ್ಟರಲ್ಲಿ ಮಾವನ ಕಂಪನಿ ಊರ ಹೊರಗಿನ ಮುಸಫ್ಫಾಗೆ ಸ್ಥಳಾಂತರವಾಗಿ ಅಂಚೆಪೆಟ್ಟಿಗೆಯೂ ಬದಲಾಗಿತ್ತು. 'ವಿಳಾಸ ಸಾಲದು' ಎಂಬ ಷರಾದೊಂದಿಗೆ ಸಮನ್ಸ್ ಉಡುಪಿಗೆ ವಾಪಸಾಯಿತು. ದಾವೆಗೆ ಮುಂದಿನ ತಾರೀಕು ಬಿತ್ತು. ಹೊಸ ವಿಳಾಸ ಬರೆದು ಮತ್ತೆ ಕಳಿಸಿದರು. ಮತ್ತೆ ತಾರೀಕು ಬಿತ್ತು. ಹೊಲಿಗೆ ಕ್ಲಾಸಿನ ಮಾಡಿಗೆ ಟಾರ್ಪಾಲು ಬಂತು.

ಊರಲ್ಲೆಲ್ಲ ಜನ ಸಮನ್ಸಿಗೆ ಹೆದರಿ ಓಡುತ್ತಿದ್ದರೆ ನಮ್ಮ ಮಾವ ಪ್ರತಿವಾರ ಕಂಪನಿಯ ಟಪಾಲು ತರುವವನನ್ನು "ನಂಗೇನಾದ್ರೂ ಉಂಟಾ?" ಎಂದು ಕೇಳುತ್ತಿದ್ದರಂತೆ.

ವಕೀಲರಿಗೆ ಸಾಕಾಯಿತು. ಪೇಪರಿನಲ್ಲಿ ಪ್ರಕಟಣೆ ಕೊಡೋಣ, ಆಮೇಲೂ ಬಾರದಿದ್ದರೆ ಏಕಪಕ್ಷೀಯವಾಗಿ ತೀರ್ಪಾಗುತ್ತದೆ, ಮಳೆಗಾಲಕ್ಕೆ ಮೊದಲು ಕಟ್ಟಡದ ಕೆಲಸ ಶುರುಮಾಡಬಹುದು ಎಂದರು. ನನಗೂ ಸರಿ ಅನಿಸಿತು. ಕಚೇರಿಯಲ್ಲಿ ದಿನಾ ನೋಡುವ ಕ್ರಮವೇ ತಾನೆ ಎಂದು ಚಿಕ್ಕಮ್ಮನಿಗೆ ಫೋನಿನಲ್ಲಿ ಧೈರ್ಯ ಹೇಳಿದೆ.

"ಅಣ್ಣನ ಹೆಸರು ಪೇಪರಿಗೆ ಹಾಕಿಸುದಾ?" ಚಿಕ್ಕಮ್ಮನ ದನಿ ಏರಿತು. "ಓಡಿಹೋದವರ ಹಾಗೆ? ಎಲ್ಲಿದ್ದಾನೆ ಅಂತ ಗೊತ್ತಿಲ್ಲ ಅಂತ ನಾನು ಕೋರ್ಟಿನಲ್ಲಿ ಬರೆದುಕೊಡುದಾ? ನನ್ನ ಅಣ್ಣ ಎಲ್ಲಿದ್ದಾನೆ ಅಂತ ನಂಗೆ ಗೊತ್ತಿಲ್ವಾ?"

"ಹಾಗಲ್ಲ ಚಿಕ್ಕಮ್ಮ, ಕಾನೂನಲ್ಲಿ..."

"ಕಾನೂನು ನಿನ್ನ ಆಫೀಸಲ್ಲಿ ಇರ್ಲಿ. ಮಾಡು ಬಿದ್ರೆ ಬೇರೆ ಕಟ್ಬಹುದು. ಪೇಪರಲ್ಲಿ ಬಂದ ಮೇಲೆ ಅವ ನಮ್ಮ ಮನೆ ಮೆಟ್ಟಿಲು ಹತ್ತುದುಂಟಾ?"

ಅದೇ ಉಸಿರಿನಲ್ಲಿ ಅವರು ಕೇಳಿದರು: "ಪಾಸ್‌ಪೋರ್ಟ್ ಮಾಡಿಸ್ಲಿಕ್ಕೆ ಎಂತೆಲ್ಲ ಬೇಕು?"

ಮಂಗಳೂರಿಗಿಂತ ಆಚೆ ಒಬ್ಬರೇ ಹೋಗದ ಚಿಕ್ಕಮ್ಮ ಹೀಗೆ ನಮ್ಮ ಮನೆಗೆ ವಿಸಿಟ್ ವೀಸಾದಲ್ಲಿ ಬಂದಿಳಿದರು. ಕೈಚೀಲದಲ್ಲಿ ಒಂದು ತಟ್ಟೆ, ಎಲೆ ಅಡಿಕೆ, ಕುಂಕುಮದ ಭರಣಿ, ಪೊಟ್ಟಣ ಕಟ್ಟಿದ ಅಕ್ಷತೆ. ನಮ್ಮ ಬಾಗಿಲಿನ ಗುರುತು ನೋಡಿ "ಇದೆಂತ?" ಎಂದರು. "ನಮ್ಮದಲ್ಲ" ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಬಂದ ಶುಕ್ರವಾರವೇ ಅಬುಧಾಬಿಗೆ ಹೋದೆವು. ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ಎಲೆಕ್ಟ್ರಾ ಸ್ಟ್ರೀಟಿನ ಕಟ್ಟಡ ತಲುಪಿದಾಗ ಮಾವ ಇರಲಿಲ್ಲ; ತರಕಾರಿ ತರಲು ಬಂದರಿನ ಹತ್ತಿರದ ಮೀನಾ ಮಾರುಕಟ್ಟೆಗೆ ಹೋಗಿದ್ದರು. ಅತ್ತರಿನ ಅಂಗಡಿಯಿಂದ ಇಲಿಯಾಸ್ ಸಾಹೇಬರು ಎದ್ದು ಬಂದು, ನಾವು ಬಂದ ಕಾರಣ ಕೇಳಿಕೊಂಡರು.

"ಮೇಲೆ ಹೋಗಿ ಕೂತ್ಕೊಳ್ಳಿ ತಂಗಿ, ಕೀಲಿ ಕೊಡ್ತೇನೆ. ಅಥವಾ ನನ್ನ ಕೈಲಿ ಕೊಡಿ, ನಾನೂ ಒಂದೇ ಮನೆಯವ ಅಲ್ವಾ?"

ಜೊತೆಯಲ್ಲಿ ವಾಸವಿರುವ ದೊಡ್ಡವರು! ಕಾನೂನಿನ ಪ್ರಕಾರ ಸಾಕಾಗುತ್ತದೆ ಎಂದು ನನ್ನ ಬಾಯಿಯವರೆಗೆ ಬಂತು. ಚಿಕ್ಕಮ್ಮ ತಲೆ ಅಲ್ಲಾಡಿಸಿದರು.

"ಇಲ್ಲ ಸಾಹೇಬರೇ, ಇದು ಅವನ ಕೈಗೇ ಕೊಡುದು. ಹೇಳಿಕೆ ಕೊಡ್ಲಿಕ್ಕೆ ಬಂದವರು ಮೊದ್ಲೇ ಒಳಗೆ ಹೋಗಿ ಕೂತ್ಕೊಂಡ್ರೆ ಹೇಗೆ?"

"ಅದೂ ಹೌದು" ಎಂದು ಅವರು ಒಪ್ಪಿಕೊಂಡರು. "ನಮ್ಮಲ್ಲೂ ಕರೀಲಿಕ್ಕೆ ಮನೆಗೇ ಹೋಗ್ಬೇಕು, ಇಲ್ಲದಿದ್ರೆ ಜೀವನಪರ್ಯಂತ ಮಾತು."

ಅತ್ತರಿನ ಅಂಗಡಿಯಲ್ಲೇ ಕಾದೆವು. ಮಾವ ಕೈಯಲ್ಲಿ ಚೀಲ ಹಿಡಿದು ಬಂದರು, ಗಾಜಿನಾಚೆಯಿಂದ ತಂಗಿಯನ್ನು ನೋಡಿದರು, ನಿಂತರು. ಆಮೇಲೆ ಏನೂ ಕಾಣದವರಂತೆ ಮೆಟ್ಟಿಲು ಹತ್ತಿ ಹೋದರು. ಇಷ್ಟು ದೂರ ಬಂದದ್ದು ದಂಡವಾಯಿತು ಎಂದುಕೊಂಡೆ. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಹಿಂದೆಯೇ ಹೊರಟರು.

ಮೇಲೆ ಫ್ಲ್ಯಾಟಿನ ಬಾಗಿಲು ತೆರೆದೇ ಇತ್ತು. ಮಾವ ಒಳಗೆಲ್ಲೋ ಇದ್ದರು. ಚಿಕ್ಕಮ್ಮ ಹೊಸ್ತಿಲು ದಾಟಲಿಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ, ಅಕ್ಷತೆ ಜೋಡಿಸಿ, ಭರಣಿಯಿಂದ ಕುಂಕುಮ ತೆಗೆದಿಟ್ಟು, ಅದೇ ಬೆರಳಿನಿಂದ ಕರೆಗಂಟೆ ಒತ್ತಿದರು.

ಮಾವ ಹೊರಗೆ ಬಂದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವರು ಒಳಗೆ ಹೋದದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಬೆವರಿದ ಅಂಗಿಯಲ್ಲಿ ನಿಂತು ಯಾರೂ ಹೇಳಿಕೆ ತೆಗೆದುಕೊಳ್ಳುವುದಿಲ್ಲ.

"ಅಣ್ಣಾ," ಎಂದರು ಚಿಕ್ಕಮ್ಮ. ಅಷ್ಟು ಹೇಳಿ ತಟ್ಟೆಯಿಂದ ಅಕ್ಷತೆ ಕೈಗೆ ತೆಗೆದುಕೊಂಡರು. "ಬರುವ ತಿಂಗಳು ಉಡುಪಿ ಕೋರ್ಟಿನಲ್ಲಿ ನಮ್ಮ ಮೂವರ ಪಾಲಿನ ಕೇಸು ಉಂಟು. ನೀನು ಮನೆಯ ಹಿರಿಯ. ಮುಂಚಿತವಾಗಿ ಬಂದು, ಮುಂದೆ ನಿಂತು, ಚಂದಗಾಣಿಸಿ ಕೊಡಬೇಕು."

ಮದುವೆಗೆ ಹೇಳುವ ಮಾತನ್ನು ಒಂದಕ್ಷರ ಬಿಡದೆ ದಾವೆಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಗು ಬರಬೇಕಾಗಿತ್ತು. ಬರಲಿಲ್ಲ.

ಮಾವ ಎರಡೂ ಕೈ ಒಡ್ಡಿ ಅಕ್ಷತೆ ತೆಗೆದುಕೊಂಡರು. ಬೊಗಸೆಯನ್ನು ನೋಡುತ್ತಲೇ ನಿಂತರು. "ಈ ದೇಶಕ್ಕೆ ಬಂದು ಕೂದಲು ಹಣ್ಣಾಯ್ತು ಸುಮತಿ," ಎಂದರು. "ಊರಲ್ಲಿ ಎಷ್ಟು ಮದುವೆ ಆಯ್ತು, ಎಷ್ಟು ಉಪನಯನ ಆಯ್ತು. ಯಾರೂ ನಂಗೆ ಹೇಳ್ಲಿಲ್ಲ. ಅವ ಹೇಗೂ ಬರುದಿಲ್ಲ, ಅವನಿಗೆಂತ ಹೇಳುದು ಅಂತ. ಎಲ್ಲ ಆದ ಮೇಲೆ ಫೋಟೊ ಬರ್ತದೆ. ನನ್ನ ಬಾಗಿಲಿಗೆ ಬಂದು ಒಬ್ರು ಕರ್ದದ್ದು ಇವತ್ತು."

ಚಿಕ್ಕಮ್ಮ ಅಳತೊಡಗಿದರು. ಮಾವನಿಗೂ ಕಣ್ಣು ತುಂಬಿತ್ತು, ಆದರೆ ಕೈಯಲ್ಲಿ ಅಕ್ಷತೆ ಇದ್ದುದರಿಂದ ಒರೆಸಿಕೊಳ್ಳುವಂತಿರಲಿಲ್ಲ. ನಮ್ಮ ಹಿಂದೆಯೇ ಹತ್ತಿ ಬಂದಿದ್ದ ಇಲಿಯಾಸ್ ಸಾಹೇಬರು "ಯಲ್ಲಾ, ಯಲ್ಲಾ, ಒಳಗೆ ಬನ್ನಿ, ಎಸಿ ಹೊರಗೆ ಹೋಗ್ತಾ ಉಂಟು" ಎಂದು ಎಲ್ಲರನ್ನೂ ಒಳಗೆ ತಳ್ಳಿದರು. ಮಾವ ಅಡುಗೆಮನೆಗೆ ಹೋಗಿ ತಾವೇ ಕಾಫಿ ಮಾಡಿದರು. ಸಕ್ಕರೆ ಹಾಕಲು ಮರೆತಿದ್ದರು, ಆದರೂ ಎಲ್ಲರೂ ಲೋಟ ಖಾಲಿ ಮಾಡಿದೆವು.

ವಕಾಲತ್ತಿಗೆ ಈಗ ಸಹಿ ಹಾಕಬಹುದಲ್ಲ ಎಂದು ನಾನು ಕಾಗದ ಹೊರತೆಗೆದೆ. ಮಾವ ನನ್ನನ್ನು ನೋಡಿದ ರೀತಿಗೆ ಅದನ್ನು ಮತ್ತೆ ಚೀಲಕ್ಕೆ ಹಾಕಿದೆ. "ಮನೆಗೆ ಬಂದು ಕರ್ದ ಮೇಲೆ ವಕೀಲನನ್ನು ಕಳಿಸುದಾ ಮಾರಾಯ್ತಿ?"

ರಜೆ ಹಾಕಿ ಊರಿಗೆ ಹೋದರು. ಜರಿಯಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು ಕೋರ್ಟಿಗೆ ಬಂದಿದ್ದರು ಎಂದು ಅಮ್ಮ ಹೇಳಿದರು. ಎರಡನೇ ಪ್ರತಿವಾದಿಗೆ ಸಮನ್ಸ್ ಜಾರಿಯಾಗಿದೆಯೇ ಎಂದು ನ್ಯಾಯಾಧೀಶರು ಕಡತ ತಿರುವುತ್ತ ಕೇಳಿದರಂತೆ. ಇಲ್ಲ, ಆದರೆ ಖುದ್ದಾಗಿ ಬಂದಿದ್ದಾರೆ ಎಂದು ವಕೀಲರು ಹೇಳುವಷ್ಟರಲ್ಲಿ ಮಾವ ಎದ್ದು ನಿಂತು, "ಆಗಿದೆ ಸ್ವಾಮಿ, ತಂಗಿ ಅಬುಧಾಬಿಗೇ ಬಂದು ಹೇಳಿದ್ದಾಳೆ" ಎಂದರಂತೆ. ನ್ಯಾಯಾಧೀಶರು ತಲೆಯೆತ್ತಿ ಆ ಜರಿಯಂಚನ್ನು ನೋಡಿ, ಹಾಜರಿ ಬರೆದುಕೊಂಡರು. ರಾಜಿ ಆಯಿತು. ಮಾಡೂ ಆಯಿತು.

ಅಸಲು ಸಮನ್ಸ್ ಮಾವನ ಕಂಪನಿಯ ಪೆಟ್ಟಿಗೆಗೆ ಬಂದದ್ದು ಇದೆಲ್ಲ ಮುಗಿದು ಬಹಳ ಸಮಯದ ಮೇಲೆ, ಕನ್ನಡ ಇಂಗ್ಲಿಷ್ ಅರಬ್ಬಿ ಮೂರರಲ್ಲೂ, ಮೈತುಂಬ ಮೊಹರು ಹೊತ್ತು. ಏನು ಮಾಡುವುದೆಂದು ಕೇಳಲು ಮಾವ ನನ್ನನ್ನು ಕರೆಸಿದರು. ಏನೂ ಮಾಡಬೇಕಾಗಿಲ್ಲ ಎಂದೆ. ಹೊರಡುವಾಗ ಅವರ ಬಾಗಿಲ ಬಳಿ ನನ್ನ ಕಣ್ಣು ಕರೆಗಂಟೆಯ ಮೇಲೆ ಬಿತ್ತು. ಬಿಳಿ ಗುಂಡಿಯ ಮೇಲೆ ಚಿಕ್ಕಮ್ಮನ ಬೆರಳಿನ ಕುಂಕುಮ ಮಾಸಿ ಕಂದಾಗಿತ್ತು. ಬಾಗಿಲ ಗುರುತು ಉಜ್ಜುವ ಅಭ್ಯಾಸ ನನ್ನದು, ಸೆರಗಿನ ತುದಿ ತಾನಾಗಿಯೇ ಕೈಗೆ ಬಂತು.

ಮಾವ ನನ್ನ ಕೈ ಹಿಡಿದರು.

"ಅದನ್ನು ಒರೆಸ್ಬೇಡ. ನಾತೂರ್‌ಗೂ ಹೇಳಿದ್ದೇನೆ. ಬಂದವರು ಕೇಳ್ತಾರೆ, ಇದೆಂತ ಅಂತ. ತಂಗಿ ಕರೀಲಿಕ್ಕೆ ಬಂದಿದ್ಲು ಅಂತ ಹೇಳ್ತೇನೆ."